ಕೊಳ್ಳುವ ಮುನ್ನ: ಮನೆ, ಆರೋಗ್ಯ, ಮೊಬೈಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಡೂರು ಕಡೆಯ ಬಯಲಿನಲ್ಲಿ ಹುಟ್ಟಿ, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಹಳೆಯ ವಿದ್ಯಾರ್ಥಿಗಳೂ ನೆಂಟರಿಷ್ಟರೂ ಏನನ್ನಾದರೂ ಕೊಳ್ಳುವ ಮುನ್ನ ನನ್ನನ್ನು ಒಂದು ಮಾತು ಕೇಳುವುದು ವಾಡಿಕೆಯಾಗಿಬಿಟ್ಟಿದೆ. ಮದುವೆಮನೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಆರಿಸಿ, ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಕೆಳಗೆ ಬರುವ ಬೆಲೆಗಳು ಲೆಕ್ಕದ ದಾರಿ ತೋರಿಸಲಿಕ್ಕಷ್ಟೇ. ನಿಮ್ಮೂರಿನ ಅಂಗಡಿಯ ಬೆಲೆಯನ್ನು ಆ ಜಾಗದಲ್ಲಿ ಇಟ್ಟು ನೋಡಿಕೊಳ್ಳಬೇಕು.

## ಮೊದಲ ಮಾತು

ಮೇಷ್ಟ್ರೇ, ಯಾವ ಕಂಪನಿದು ತಗೊಂಡ್ರೆ ಒಳ್ಳೇದು?

ಈ ಪ್ರಶ್ನೆಗೆ ನಾನು ಹೆಸರು ಹೇಳುವುದಿಲ್ಲ, ಏಕೆಂದರೆ ಅರಸೀಕೆರೆಯಲ್ಲಿ ಹತ್ತು ವರ್ಷ ಬಾಳಿದ ವಸ್ತು ಶೃಂಗೇರಿಯಲ್ಲಿ ಮೂರು ವರ್ಷಕ್ಕೆ ಕೈಕೊಟ್ಟಿರುವುದನ್ನು ಕಂಡಿದ್ದೇನೆ. ಒಂದು ಕಡೆ ಗಡಸು ನೀರು, ಧೂಳು, ಬಿಸಿಲು. ಇನ್ನೊಂದು ಕಡೆ ನಾಲ್ಕು ತಿಂಗಳ ಮಳೆ, ಗೋಡೆಗೂ ಬಟ್ಟೆಗೂ ಹತ್ತುವ ಬೂಷ್ಟು, ಗಳಿಗೆಗೊಮ್ಮೆ ಹೋಗಿ ಬರುವ ಕರೆಂಟು. ನಿಮ್ಮ ನೀರು ಎಂಥದು, ಕರೆಂಟು ಎಂಥದು, ವಸ್ತುವನ್ನು ದಿನಕ್ಕೆ ಎಷ್ಟು ಹೊತ್ತು ಬಳಸುತ್ತೀರಿ, ಕೆಟ್ಟರೆ ಯಾರು ಬರುತ್ತಾರೆ ಎಂಬ ನಾಲ್ಕು ಸಂಗತಿಗಳು ತಿಳಿದ ಮೇಲೆ ಕಂಪನಿಯ ಹೆಸರು ಐದನೆಯದಾಗಿ ಬರಲಿ.

ನಾಲ್ಕನೆಯ ಸಂಗತಿಯನ್ನು ಜನ ಹಗುರವಾಗಿ ಕಾಣುತ್ತಾರೆ. ಕಳಸದ ಹತ್ತಿರ ಇರುವ ನನ್ನ ತಂಗಿ ಹಾಸನದಲ್ಲಿ ಒಂದು ದುಬಾರಿ ವಾಷಿಂಗ್ ಮೆಷಿನ್ ಕೊಂಡಳು. ಜೂನ್ ತಿಂಗಳಲ್ಲಿ ಅದರ ಸರ್ಕಿಟ್ ಬೋರ್ಡ್ ಹೋಯಿತು. ರಿಪೇರಿಯವನು ಬರಲು ಹನ್ನೊಂದು ದಿನ, ಬೋರ್ಡ್ ಬರಲು ಮತ್ತೆರಡು ವಾರ. ಅಷ್ಟೂ ದಿನ ಕೈಯಲ್ಲಿ ಒಗೆದ ಬಟ್ಟೆ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿ, ಮಕ್ಕಳ ಸಮವಸ್ತ್ರವೆಲ್ಲ ಹೊಗೆ ವಾಸನೆ ಹೊಡೆಯಿತು. ಅಂದಿನಿಂದ ನಾನು ಹೇಳುವುದಿಷ್ಟು: ದುಡ್ಡು ಕೊಡುವ ಮೊದಲು ಆ ಕಂಪನಿಯ ಸೇವಾ ಸಂಖ್ಯೆಗೆ ಕರೆ ಮಾಡಿ ನಿಮ್ಮ ಊರಿನ ಪಿನ್‌ಕೋಡ್ ಹೇಳಿ, ಮನೆಗೆ ಬರುತ್ತಾರೆಯೇ, ಬಂದರೆ ಎಷ್ಟು ದಿನದಲ್ಲಿ ಎಂದು ಕೇಳಿ. ಕೊಳ್ಳುವ ಮುನ್ನವೇ ಫೋನೆತ್ತದವರು ಆಮೇಲೆ ಎತ್ತುವರೆಂದು ನಂಬುವುದು ಕಷ್ಟ.

ದೊಡ್ಡ ಪ್ಯಾಕೆಟ್ ತಗೊಂಡ್ರೆ ಯಾವಾಗ್ಲೂ ಅಗ್ಗ ಅಲ್ವಾ?

ಯಾವಾಗಲೂ ಅಲ್ಲ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿಯ ಜೊತೆಗೆ ಗ್ರಾಂಗೆ, ಕಿಲೋಗೆ ಅಥವಾ ಲೀಟರಿಗೆ ಎಷ್ಟು ಬಿತ್ತು ಎಂಬ ಬಿಡಿ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮವಿದ್ದು, ಹೋಲಿಸಬೇಕಾದದ್ದು ಆ ಸಣ್ಣ ಅಕ್ಷರದ ಅಂಕಿಯನ್ನು. ಅಡುಗೆ ಎಣ್ಣೆಯಲ್ಲಿ ಇನ್ನೊಂದು ಎಚ್ಚರ ಬೇಕು: ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ನೋಡಲು ಲೀಟರಿನ ಪ್ಯಾಕೆಟ್ಟಿನಂತೆಯೇ ಇದ್ದು 800 ಗ್ರಾಂ ಅಥವಾ 750 ಗ್ರಾಂ ಹಿಡಿಸುವ ಪ್ಯಾಕೆಟ್‌ಗಳೂ ಪಕ್ಕದಲ್ಲೇ ಕುಳಿತಿರುತ್ತವೆ.

## ಅಡುಗೆಮನೆ ಮತ್ತು ಕುಡಿಯುವ ನೀರು

ಕಾಫಿ ನಾಡಲ್ಲಿದ್ದು ನಾವು ಕುಡಿಯೋದು ಕಾಫಿನೋ ಚಿಕೋರಿನೋ, ಗೊತ್ತಾಗೋದು ಹೇಗೆ?

ಮೊದಲು ಪ್ಯಾಕೆಟ್ ಓದಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಅಂದರೆ ಚಿಕೋರಿ ಶೇ. 49ರ ವರೆಗೆ ಇರಬಹುದು, ಮತ್ತು ಈ ಪ್ರಮಾಣವನ್ನು ಪ್ಯಾಕೆಟ್ ಮೇಲೆ ಹೇಳಲೇಬೇಕು. ಇದು ಕಲಬೆರಕೆಯಲ್ಲ, ಕಾನೂನು ಒಪ್ಪಿದ ಬೆರಕೆ. ಚಿಕೋರಿ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಗಟ್ಟಿ ಬಣ್ಣವನ್ನೂ ಸ್ವಲ್ಪ ಕಹಿಯನ್ನೂ ಕೊಡುತ್ತದೆ. ಅದನ್ನು ಇಷ್ಟಪಟ್ಟು ಕುಡಿಯುವವರನ್ನು ಹೀಯಾಳಿಸಲು ಕಾರಣವಿಲ್ಲ. ತಕರಾರು ಬರುವುದು ಬೆಲೆಯಲ್ಲಿ ಮಾತ್ರ: ಚಿಕೋರಿ ಕಾಫಿಗಿಂತ ತುಂಬ ಅಗ್ಗವಾದ್ದರಿಂದ, ಶೇ. 60ರ ಕಾಫಿಯ ಪುಡಿಗೆ ಶೇ. 80ರದರ ಬೆಲೆ ತೆತ್ತರೆ ನೀವು ಬೇರಿಗೆ ಬೀಜದ ಬೆಲೆ ಕೊಟ್ಟಂತಾಯಿತು.

ಬಿಡಿಯಾಗಿ ತಂದ ಪುಡಿಯಲ್ಲಿ ಅನುಮಾನವಿದ್ದರೆ ಗಾಜಿನ ಲೋಟದ ತುಂಬ ತಣ್ಣೀರು ಹಿಡಿದು, ಅಲುಗಾಡಿಸದೆ, ಮೇಲೆ ಅರ್ಧ ಚಮಚ ಪುಡಿ ಉದುರಿಸಿ. ಕಾಫಿಯಲ್ಲಿ ಎಣ್ಣೆಯಂಶವಿರುವುದರಿಂದ ಅದು ಕೆಲ ಹೊತ್ತು ತೇಲುತ್ತದೆ. ಚಿಕೋರಿ ಬೇಗ ನೀರು ಹೀರಿ ಮುಳುಗುತ್ತದೆ, ಮುಳುಗುವಾಗ ಕಂದು ಬಣ್ಣದ ಎಳೆಗಳನ್ನು ಹಿಂದೆ ಬಿಟ್ಟುಕೊಂಡು ಹೋಗುತ್ತದೆ. ಎಷ್ಟು ಶೇಕಡ ಎಂದು ಈ ಪರೀಕ್ಷೆ ಹೇಳದು, ಇದೆಯೋ ಇಲ್ಲವೋ ಎಂದು ಹೇಳುತ್ತದೆ. ನನ್ನ ಸಲಹೆಯೆಂದರೆ ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಕಾಫಿ ವರ್ಕ್ಸ್‌ನಲ್ಲಿ, ಬೇಕಾದ ಪ್ರಮಾಣವನ್ನು ಬಾಯಿಬಿಟ್ಟು ಹೇಳಿ, ಹದಿನೈದು ದಿನಕ್ಕಾಗುವಷ್ಟನ್ನೇ ತರುವುದು. ಮಳೆಗಾಲದ ತೇವಕ್ಕೆ ಪುಡಿಯ ಘಮ ಬೇಗ ಹಾರಿಹೋಗುತ್ತದೆ.

ಎಲ್ಲರ ಮನೇಲೂ ಆರ್‌ಒ ಹಾಕಿಸ್ತಿದಾರೆ, ನಾವೂ ಹಾಕಿಸ್ಬೇಕಾ?

ಎರಡು ಜಿಲ್ಲೆಗಳಿಗೆ ಎರಡು ಉತ್ತರವಲ್ಲ, ಒಂದೊಂದು ತಾಲ್ಲೂಕಿಗೆ ಒಂದೊಂದು ಉತ್ತರ ಎನ್ನಬೇಕಾದ ಪ್ರಶ್ನೆಯಿದು. ಆರ್‌ಒ ಯಂತ್ರದ ಮುಖ್ಯ ಕೆಲಸ ನೀರಿನಲ್ಲಿ ಕರಗಿರುವ ಲವಣಗಳನ್ನು ತೆಗೆಯುವುದು. ಆ ಲವಣಗಳ ಒಟ್ಟು ಅಳತೆಯನ್ನು ಟಿಡಿಎಸ್ ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದ ಕಡೆ 2000ದ ವರೆಗೆ ಸಹಿಸಬಹುದು ಎಂದಿದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಗುಡ್ಡದ ಒರತೆಯಿಂದ ಪೈಪಿನಲ್ಲಿ ಹರಿದು ಬರುವ ಅಬ್ಬಿ ನೀರಿನಲ್ಲಿ ಲವಣವೇ ಕಡಿಮೆ. ಇದ್ದ ಸ್ವಲ್ಪವನ್ನೂ ತೆಗೆಯಲು ಸಾವಿರಾರು ರೂಪಾಯಿ ಕೊಟ್ಟು, ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವುದರಲ್ಲಿ ಅರ್ಥವಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಆದರೆ ಅಬ್ಬಿ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ನಿರಪಾಯವೆಂದಲ್ಲ. ಮೇಲೆ ದನ ಮೇಯುತ್ತವೆ, ಎಲೆ ಕೊಳೆಯುತ್ತದೆ, ತೋಟಕ್ಕೆ ಹೊಡೆದ ಔಷಧಿ ಮಳೆಯಲ್ಲಿ ಇಳಿದು ಬರಬಹುದು. ರೋಗಾಣುಗಳಿಗೆ ಚೆನ್ನಾಗಿ ಕುದಿಸುವುದು ಸಾಕು. ನೀರು ತಿಳಿಯಾಗಿದ್ದರೆ ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಶೋಧಕವೂ ಆದೀತು. ಕದಡಿದ ನೀರಿನಲ್ಲಿ ಮಣ್ಣಿನ ಕಣಗಳ ನೆರಳಿನಲ್ಲಿ ರೋಗಾಣುಗಳು ಬೆಳಕಿನಿಂದ ತಪ್ಪಿಸಿಕೊಳ್ಳುವುದರಿಂದ, ಮಳೆಗಾಲದಲ್ಲಿ ಯುವಿಯ ಮುಂದೆ ಒಳ್ಳೆಯ ಸೋಸುಕ ಇರಲೇಬೇಕು.

ಬಯಲು ಸೀಮೆಯ ಆಳದ ಬೋರ್‌ವೆಲ್ ನೀರಿನ ಕಥೆ ಬೇರೆ. ಅಲ್ಲಿ ಗಡಸುತನವೂ ಕೆಲವೆಡೆ ಫ್ಲೋರೈಡ್ ಕೂಡ ಇರುತ್ತವೆ. ಫ್ಲೋರೈಡ್‌ಗೆ ಮಾನದಂಡ ಲೀಟರಿಗೆ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5, ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಿಗಿಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗದು; ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಇಲ್ಲಿ ಆರ್‌ಒ ಬೇಕು, ಇಲ್ಲವೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಬೇಕು.

ಮಾರಾಟಗಾರರು ಮನೆಗೆ ಬಂದು ಪೆನ್ನಿನಂಥ ಮೀಟರನ್ನು ನೀರಿಗೆ ಅದ್ದಿ ಅಂಕಿ ತೋರಿಸಿ ಹೆದರಿಸುವುದುಂಟು. ಆ ಪೆನ್ನು ನೀರಿನಲ್ಲಿ ವಿದ್ಯುತ್ ಹರಿಯುವಿಕೆಯನ್ನು ಅಳೆದು ಒಟ್ಟು ಲವಣವನ್ನು ಅಂದಾಜಿಸುತ್ತದೆ, ಅಷ್ಟೇ. ರೋಗಾಣು ಅದಕ್ಕೆ ಕಾಣುವುದಿಲ್ಲ. ಫ್ಲೋರೈಡ್ ಯಾವುದು, ಸುಣ್ಣ ಯಾವುದು ಎಂದು ಬೇರ್ಪಡಿಸಲೂ ಬಾರದು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಯಂತ್ರ ಆರಿಸಬೇಕು.

ಗಾಣದೆಣ್ಣೆಗೆ ಡಬಲ್ ರೇಟು. ಅಷ್ಟು ಕೊಡೋದು ಸರಿನಾ?

ರುಚಿಗಾಗಿ ಕೊಡುವುದಾದರೆ ಸರಿ. ರಿಫೈನ್ ಮಾಡುವಾಗ ಕಳೆದುಹೋಗುವ ಬಣ್ಣ, ವಾಸನೆ ಮತ್ತು ಕೆಲವು ಸೂಕ್ಷ್ಮಾಂಶಗಳು ಗಾಣದೆಣ್ಣೆಯಲ್ಲಿ ಉಳಿಯುತ್ತವೆ. ಚಟ್ನಿಪುಡಿಗೆ, ಉಪ್ಪಿನಕಾಯಿಗೆ ಅದರ ಮುಂದೆ ಬೇರೆಯದಿಲ್ಲ. ಆದರೆ ಕೊಬ್ಬು ಕೊಬ್ಬೇ: ಗ್ರಾಂಗೆ 9 ಕ್ಯಾಲರಿ ಎರಡರಲ್ಲೂ ಒಂದೇ. ಗಾಣದ್ದೆಂಬ ಧೈರ್ಯದಲ್ಲಿ ಒಗ್ಗರಣೆಗೆ ಒಂದು ಸೌಟು ಹೆಚ್ಚು ಸುರಿದರೆ ಆರೋಗ್ಯದ ಲೆಕ್ಕ ತಲೆಕೆಳಗಾಗುತ್ತದೆ. ಹಬ್ಬದ ಕಜ್ಜಾಯ ಕರಿಯಲು, ಹೆಚ್ಚು ಕಾವು ತಡೆಯುವ ರಿಫೈನ್ಡ್ ಎಣ್ಣೆಯೇ ವಾಸಿ. ಯಾವುದೇ ಆಗಲಿ, ಕರಿದು ಕಪ್ಪಾದದ್ದನ್ನು ಮರುದಿನ ಮತ್ತೆ ಕಾಯಿಸುವ ಚಾಳಿಯೇ ಎಣ್ಣೆಯ ಜಾತಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ಹಾಲಿನ ಪ್ಯಾಕೆಟ್‌ನಲ್ಲಿ ಯಾವುದು ಮಕ್ಕಳಿಗೆ, ಯಾವುದು ನಮಗೆ?

ಟೋನ್ಡ್ ಹಾಲಿನಲ್ಲಿ ಶೇ. 3, ಸ್ಟ್ಯಾಂಡರ್ಡೈಸ್ಡ್‌ನಲ್ಲಿ ಶೇ. 4.5, ಫುಲ್ ಕ್ರೀಮ್‌ನಲ್ಲಿ ಶೇ. 6 ಕೊಬ್ಬು ಇರಬೇಕೆಂಬುದು ನಿಯಮ. ಪ್ರೋಟೀನು, ಸುಣ್ಣದಂಶ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ತೂಕ ಅಥವಾ ಕೊಲೆಸ್ಟರಾಲ್ ಚಿಂತೆಯಿರುವ ಹಿರಿಯರಿಗೆ ಟೋನ್ಡ್ ಹಾಲು ಸಾಕು; ಮೊಸರು ಗಟ್ಟಿಯಾಗಬೇಕೆಂದರೆ ಮಾತ್ರ ಹೆಚ್ಚು ಕೊಬ್ಬಿನದನ್ನು ತನ್ನಿ.

## ಕರೆಂಟಿನ ಲೆಕ್ಕ

ಐದು ಸ್ಟಾರ್ ಫ್ರಿಜ್ಜಿಗೆ ಆರು ಸಾವಿರ ಜಾಸ್ತಿ ಹೇಳ್ತಿದಾರೆ. ಕೊಡ್ಲಾ?

ನಕ್ಷತ್ರ ಎಣಿಸಬೇಡಿ, ಅದರ ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಿ. ನಕ್ಷತ್ರದ ಅಳತೆಗೋಲನ್ನು ಆಗಾಗ ಬಿಗಿಗೊಳಿಸುತ್ತಾರಾದ್ದರಿಂದ ಹಳೆಯ ದಾಸ್ತಾನಿನ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ನಾಲ್ಕೋ ಮೂರೋ ಆಗಿರಬಹುದು. ಒಂದರ ಮೇಲೆ 220 ಯೂನಿಟ್, ಇನ್ನೊಂದರ ಮೇಲೆ 150 ಯೂನಿಟ್ ಎಂದಿದೆ ಎನ್ನಿ. ಉಳಿತಾಯ ವರ್ಷಕ್ಕೆ 70 ಯೂನಿಟ್; ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 420 ರೂಪಾಯಿ. ಆರು ಸಾವಿರ ಮರಳಿ ಬರಲು ಹದಿನಾಲ್ಕು ವರ್ಷ ಬೇಕು, ಅಷ್ಟರಲ್ಲಿ ಫ್ರಿಜ್ಜೇ ಗುಜರಿಗೆ ಹೋಗಿರುತ್ತದೆ. ಎರಡು ಸಾವಿರದ ವ್ಯತ್ಯಾಸವಾಗಿದ್ದರೆ ನಾನೂ ಕೊಡುತ್ತಿದ್ದೆ.

ಬಿಎಲ್‌ಡಿಸಿ ಫ್ಯಾನ್ ಹಾಕ್ಸಿ ಅಂತಾರಲ್ಲ, ನಿಜವಾಗ್ಲೂ ಉಳಿಯುತ್ತಾ?

ಸಾಮಾನ್ಯ ಫ್ಯಾನ್ ಸುಮಾರು 75 ವಾಟ್ ಎಳೆದರೆ, ಬ್ರಷ್ ಇಲ್ಲದ ಡಿಸಿ ಮೋಟಾರಿನ ಬಿಎಲ್‌ಡಿಸಿ 30ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಡೂರಿನಲ್ಲಿ ವರ್ಷವಿಡೀ ದಿನಕ್ಕೆ ಹನ್ನೆರಡು ಗಂಟೆ ಫ್ಯಾನ್ ತಿರುಗುವ ಅಂಗಡಿಯಲ್ಲಿ ಒಂದು ಫ್ಯಾನಿನಿಂದ ವರ್ಷಕ್ಕೆ ಸುಮಾರು 197 ಯೂನಿಟ್ ಉಳಿಯುತ್ತದೆ; ಹೆಚ್ಚಿಗೆ ಕೊಟ್ಟ ಒಂದೂವರೆ ಸಾವಿರ ಒಂದು ವರ್ಷ ಮೂರು ತಿಂಗಳಲ್ಲಿ ಮರಳುತ್ತದೆ. ಅದೇ ಫ್ಯಾನನ್ನು ಕೊಪ್ಪದ ಮನೆಯಲ್ಲಿ ಬೇಸಿಗೆಯ ನಾಲ್ಕು ತಿಂಗಳು, ದಿನಕ್ಕೆ ಎಂಟು ಗಂಟೆ ಹಾಕಿದರೆ ಉಳಿಯುವುದು 43 ಯೂನಿಟ್, ಮರಳಲು ಸುಮಾರು ಆರು ವರ್ಷ. ಆದರೂ ಒಂದು ಅನುಕೂಲವಿದೆ: ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಇದು ಎರಡು ಪಟ್ಟಿಗಿಂತ ಹೆಚ್ಚು ಹೊತ್ತು ತಿರುಗುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲೆಂದೇ ಫ್ಯಾನ್ ಹಾಕುವ ಮಲೆನಾಡಿನ ಮನೆಗಳು ತಮ್ಮ ಗಂಟೆಗಳನ್ನು ತಾವೇ ಎಣಿಸಿಕೊಳ್ಳಬೇಕು.

ಗೃಹಜ್ಯೋತಿಲಿ ಕರೆಂಟು ಫ್ರೀ ಇದ್ಮೇಲೆ ಈ ಲೆಕ್ಕ ಎಲ್ಲ ಯಾಕೆ?

ಪುಕ್ಕಟೆ ಸಿಗುವುದು 200 ಯೂನಿಟ್ ಅಲ್ಲ. ಅದು ಮೇಲಿನ ಮಿತಿ. ನಿಮ್ಮ ಪಾಲು 2022–23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು, ತೀರ ಕಡಿಮೆ ಬಳಸುವ ಮನೆಗಳಿಗೆ ಶೇಕಡದ ಬದಲು 10 ಯೂನಿಟ್ ಸೇರಿಸುತ್ತಾರೆ. ಸರಾಸರಿ 100 ಇದ್ದವರಿಗೆ 110 ಉಚಿತ. ಅವರು ಹೊಸದಾಗಿ 2000 ವಾಟಿನ ಗೀಸರ್ ತಂದು ದಿನಕ್ಕೆ ಒಂದು ಗಂಟೆ ಉರಿಸಿದರೆ ತಿಂಗಳಿಗೆ 60 ಯೂನಿಟ್ ಏರಿ, 160ರಲ್ಲಿ 50ಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ. ಹಾಸನದವರು ಸೆಸ್ಕ್‌ಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಕಟ್ಟುತ್ತಾರೆ ಎಂಬುದನ್ನು ಬಿಟ್ಟರೆ ಈ ಲೆಕ್ಕ ಇಬ್ಬರಿಗೂ ಒಂದೇ.

ಸ್ನಾನದ ನೀರಿಗೆ ಗೀಸರಾ, ಸೋಲಾರಾ, ಹಂಡೆಯೇ ಇರಲಾ?

25 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಸುಮಾರು 0.9 ಯೂನಿಟ್ ಬೇಕು. ಯಾವ ಗೀಸರೂ ಇದಕ್ಕಿಂತ ಕಡಿಮೆಯಲ್ಲಿ ಕಾಯಿಸದು. ಗೀಸರ್‌ಗಳ ನಡುವಿನ ವ್ಯತ್ಯಾಸ ಕಾದ ನೀರು ಎಷ್ಟು ಹೊತ್ತು ಬಿಸಿ ಉಳಿಸಿಕೊಳ್ಳುತ್ತದೆ ಎಂಬುದರಲ್ಲಿ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವ ಮನೆಗೆ ಹೆಚ್ಚು ಸ್ಟಾರ್ ಬೇಕಿಲ್ಲ.

ಸೋಲಾರ್ ಬಯಲು ಸೀಮೆಗೆ ಹೇಳಿ ಮಾಡಿಸಿದ್ದು. ಗಡಸು ನೀರಿದ್ದರೆ ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುವ ಚಪ್ಪಟೆ ಫಲಕದ ಬದಲು ಗಾಜಿನ ಕೊಳವೆಯದನ್ನು ಆರಿಸಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿನೀರು ಹೆಚ್ಚು ಬೇಕಾದ ಹೊತ್ತಿನಲ್ಲೇ, ಬಿಸಿಲು ಇರುವುದಿಲ್ಲ. ಕರೆಂಟಿನ ಕಾಯಿಲ್ ಜೊತೆಗಿಲ್ಲದ ಸೋಲಾರ್ ಅಲ್ಲಿ ಅರ್ಧ ವರ್ಷದ ಅಲಂಕಾರ.

ಗ್ಯಾಸ್ ಗೀಸರ್ ಬಗ್ಗೆ ನನ್ನ ಮಾತು ಕಟುವಾಗಿಯೇ ಇರುತ್ತದೆ: ಬಚ್ಚಲಮನೆಯ ಒಳಗೆ ಬೇಡವೇ ಬೇಡ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಉರಿ ಸರಿಯಾಗಿ ಉರಿಯದೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿದ ಮೇಲಷ್ಟೇ ಹೊರಗಿನವರಿಗೆ ಗೊತ್ತಾಗುತ್ತದೆ. ಹಾಕಲೇಬೇಕಾದರೆ ಹೊರಗೋಡೆಗೆ ಹಾಕಿ ಪೈಪಿನಲ್ಲಿ ಬಿಸಿನೀರನ್ನು ಒಳಗೆ ತರಬೇಕು.

ಇನ್ನು ಹಂಡೆ. ಕಾಫಿ ಗಿಡ ಸವರಿದಾಗ ಬಿದ್ದ ಕಸಿ ಕಡ್ಡಿ, ಸಿಲ್ವರ್ ಓಕ್ ರೆಂಬೆ ಹಿತ್ತಲಲ್ಲೇ ಬಿದ್ದಿರುವ ಮನೆಗೆ ಹಂಡೆಯಷ್ಟು ಅಗ್ಗದ್ದು ಬೇರೆ ಯಾವುದೂ ಇಲ್ಲ. ಆದರೆ ಹೊಗೆ ನಳಿಗೆ ಇಲ್ಲದ ಬಚ್ಚಲೊಲೆಯ ಮುಂದೆ ಬೆಳಗಾಗೆದ್ದು ಊದುವವರು ಮನೆಯ ಹೆಂಗಸರೇ ಎಂಬುದನ್ನೂ ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ನಳಿಗೆ ಕಟ್ಟಿಸಿದ ಹಂಡೆಯ ಪರ ನಾನು.

ಸ್ಟೆಬಿಲೈಸರ್ ಇದ್ರೂ ಸಿಡಿಲಿಗೆ ಟಿ.ವಿ. ಸುಟ್ಟೋಯ್ತಲ್ಲ?

ಸ್ಟೆಬಿಲೈಸರ್ ವೋಲ್ಟೇಜಿನ ನಿಧಾನದ ಏರಿಳಿತವನ್ನು ತಿದ್ದುತ್ತದೆ. ಸಿಡಿಲಿನ ಹೊಡೆತ ಅದು ಕಣ್ಣು ಬಿಡುವಷ್ಟರಲ್ಲಿ ದಾಟಿಹೋಗಿರುತ್ತದೆ. ಅದಕ್ಕೆಂದೇ ಸರ್ಜ್ ಪ್ರೊಟೆಕ್ಟರ್ ಎಂಬ ಬೇರೆ ಸಾಧನವಿದ್ದು, ಅದು ಹೆಚ್ಚಿನ ವಿದ್ಯುತ್ತನ್ನು ಭೂಮಿಗೆ ಇಳಿಸುತ್ತದೆ; ಮನೆಯ ಅರ್ತಿಂಗ್ ಗುಂಡಿಯೇ ಒಣಗಿದ್ದರೆ ಇಳಿಯಲು ದಾರಿ ಎಲ್ಲಿದೆ? ಮೊದಲ ಖರ್ಚು ಅರ್ತಿಂಗ್ ಸರಿಪಡಿಸುವುದಕ್ಕೆ, ಆಮೇಲೆ ಸಾಧನಕ್ಕೆ. ಕಾಫಿಗೆ ಹೂಮಳೆ ಬೀಳುವ ಕಾಲದಿಂದ ಮುಂಗಾರು ಹಿಡಿಯುವವರೆಗೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದಕ್ಕಿಂತ ಖಚಿತವಾದ ಉಪಾಯವಿಲ್ಲ. ಪ್ಲಗ್ ಕಿತ್ತು ಡಿಶ್ ಕೇಬಲ್ಲನ್ನೂ ಹಳೆಯ ಟೆಲಿಫೋನ್ ತಂತಿಯನ್ನೂ ಹಾಗೆಯೇ ಬಿಡುವವರು ಅರ್ಧ ಬಾಗಿಲು ಹಾಕಿದಂತೆ.

## ಮನೆಯಲ್ಲಿ ಇಟ್ಟುಕೊಳ್ಳುವ ಆರೋಗ್ಯ ಸಾಧನಗಳು, ಔಷಧಿ

ಬಿಪಿ ಮಿಷನ್ ಮಣಿಕಟ್ಟಿಗೆ ಕಟ್ಟೋದು ತಗೊಳ್ಲಾ, ತೋಳಿಗೆ ಕಟ್ಟೋದಾ?

ತೋಳಿನದು. ಮಣಿಕಟ್ಟಿನದು ಕೈಯನ್ನು ಎದೆಯ ಮಟ್ಟದಲ್ಲಿ ಹಿಡಿಯದಿದ್ದರೆ ತಪ್ಪು ತೋರಿಸುತ್ತದೆ, ವಯಸ್ಸಾದವರು ಹಾಗೆ ಹಿಡಿಯುವುದಿಲ್ಲ. ಕೊಳ್ಳುವಾಗ ತೋಳಿನ ಸುತ್ತಳತೆಗೆ ಪಟ್ಟಿ ಹೊಂದುತ್ತದೆಯೇ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ.

ಯಂತ್ರಕ್ಕಿಂತ ಅಳೆಯುವ ರೀತಿ ಮುಖ್ಯ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ ಕುಡಿದಿರಬಾರದು. ನಮ್ಮ ಸೀಮೆಯಲ್ಲಿ ಈ ನಿಯಮ ಪಾಲಿಸುವುದೇ ಕಷ್ಟವೆಂದು ಬಲ್ಲೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಮಾತಿಲ್ಲದೆ ಕೂತು, ಆಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಬೇಕು. ಮನೆಯ ಅಳತೆಯಲ್ಲಿ ಸರಾಸರಿ 135/85 ದಾಟುತ್ತಿದ್ದರೆ ವೈದ್ಯರಿಗೆ ಆ ಪುಸ್ತಕ ತೋರಿಸಿ. ಒಂದು ದಿನದ ಒಂದು ಅಂಕಿ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡಿಕೊಳ್ಳಬೇಡಿ.

ಮನೆ ಮಿಷನ್‌ನಲ್ಲಿ ಶುಗರ್ 158, ಲ್ಯಾಬ್‌ನಲ್ಲಿ 140. ಯಾರು ಸುಳ್ಳು?

ಇಬ್ಬರೂ ಅಲ್ಲ. ಮನೆಯ ಮೀಟರಿಗೆ ಅಂತರರಾಷ್ಟ್ರೀಯ ಮಾನದಂಡವೇ ನೂರು ಮತ್ತು ಅದರ ಮೇಲಿನ ಅಂಕಿಯಲ್ಲಿ ಶೇ. 15ರಷ್ಟು ಆಚೀಚೆಗೆ ಅವಕಾಶ ಕೊಟ್ಟಿದೆ. 140ಕ್ಕೆ ಅದು 119ರಿಂದ 161. ಔಷಧಿ ನಿರ್ಧಾರಕ್ಕೆ ಲ್ಯಾಬ್, ದಿನದಿನದ ಏರಿಳಿತ ತಿಳಿಯಲು ಮೀಟರ್ ಎಂದು ಇಟ್ಟುಕೊಳ್ಳಿ. ಕೊಳ್ಳುವಾಗ ಮೀಟರಿನ ಬೆಲೆಗಿಂತ ರಕ್ತದ ಹನಿ ಹಾಕುವ ಪಟ್ಟಿಯ ಬೆಲೆ ಕೇಳಿ, ಏಕೆಂದರೆ ಮೀಟರ್ ಒಮ್ಮೆ, ಪಟ್ಟಿ ಜೀವನಪೂರ್ತಿ.

ಮಲೆನಾಡಿನಲ್ಲಿ ಒಂದು ತೊಂದರೆ ಹೆಚ್ಚು: ತೇವ. ಪಟ್ಟಿಯ ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ವಸ್ತುವಿರುತ್ತದೆ. ಜುಲೈ ತಿಂಗಳಲ್ಲಿ ಡಬ್ಬಿ ತೆರೆದಿಟ್ಟು ಮಾತಾಡುತ್ತ ಕೂತರೆ ಉಳಿದ ಪಟ್ಟಿಗಳೂ ಕೆಡುತ್ತವೆ. ಒಂದನ್ನು ತೆಗೆದು ಟಕ್ ಎಂದು ಮುಚ್ಚಬೇಕು. ಇನ್ನೊಂದು, ನಮ್ಮ ಪಕ್ಕದ ಮನೆಯವರು ಒಮ್ಮೆ 310 ಬಂತೆಂದು ಗಾಬರಿಯಾಗಿ ಓಡಿ ಬಂದಿದ್ದರು. ವಿಚಾರಿಸಿದರೆ, ಮೊಮ್ಮಗನಿಗೆ ಕಿತ್ತಳೆ ಸುಲಿದುಕೊಟ್ಟ ಕೈಯಿಂದಲೇ ಬೆರಳು ಚುಚ್ಚಿದ್ದರು. ಸೋಪಿನಲ್ಲಿ ತೊಳೆದು ಒರೆಸಿ ಮತ್ತೆ ಅಳೆದಾಗ 148.

ಜನೌಷಧಿ ಮಾತ್ರೆ ಅಷ್ಟು ಅಗ್ಗ, ಕೆಲಸ ಮಾಡುತ್ತಾ?

ಔಷಧಿಯ ಗುಣ ಅದರೊಳಗಿನ ರಾಸಾಯನಿಕದಲ್ಲಿದೆ, ಹೊರಗಿನ ಹೆಸರಿನಲ್ಲಿಲ್ಲ. ಸರ್ಕಾರಿ ಯೋಜನೆಯ ಜನೌಷಧಿ ಅಂಗಡಿಗಳಲ್ಲಿ ಜಾಹೀರಾತು, ಪ್ರತಿನಿಧಿಗಳ ಓಡಾಟ ಇವುಗಳ ಖರ್ಚಿಲ್ಲದ ಕಾರಣ ಬೆಲೆ ಬಹುಪಾಲು ಅರ್ಧಕ್ಕಿಂತ ಕಡಿಮೆ. ಬಿಪಿ, ಶುಗರ್‌ನ ಸಾಮಾನ್ಯ ಮಾತ್ರೆಗಳನ್ನು ನಾನೇ ವರ್ಷಗಳಿಂದ ಅಲ್ಲಿಂದಲೇ ತರುತ್ತಿದ್ದೇನೆ. ಹೋಲಿಸುವಾಗ ರಾಸಾಯನಿಕದ ಹೆಸರು, ಮಿಲಿಗ್ರಾಂ, ಮತ್ತು ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್ ಎಂಬ ನಿಧಾನವಾಗಿ ಬಿಡುಗಡೆಯಾಗುವ ಗುರುತು ಮೂರೂ ಒಂದೇ ಇರಬೇಕು. ಮೂರ್ಛೆರೋಗ, ಥೈರಾಯ್ಡ್, ರಕ್ತ ತೆಳುಮಾಡುವ ಔಷಧಿಗಳಲ್ಲಿ ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುವುದರಿಂದ, ಅವನ್ನು ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಅಗ್ಗವಾದರೂ ಸರಿ ದುಬಾರಿಯಾದರೂ ಸರಿ, ಕೆಂಪು ಗೆರೆ ಎಳೆದಿರುವ ಪಟ್ಟಿಯ ಮಾತ್ರೆಯನ್ನು ಚೀಟಿಯಿಲ್ಲದೆ ನುಂಗುವಂತಿಲ್ಲ.

ಸ್ಮಾರ್ಟ್‌ವಾಚ್‌ನಲ್ಲೇ ಬಿಪಿ, ಆಕ್ಸಿಜನ್ ಎಲ್ಲ ಬರುತ್ತಲ್ಲ?

ಹೆಜ್ಜೆ ಎಣಿಸಲು, ನಾಡಿ ನೋಡಲು ಅದು ಸಾಕು. ತೋಳಿಗೆ ಪಟ್ಟಿಯನ್ನೇ ಕಟ್ಟದ ಎರಡು ಸಾವಿರದ ಗಡಿಯಾರ ಬಿಪಿ ಹೇಳಿದರೆ ಅದನ್ನು ಪಂಚಾಂಗದ ಮಳೆಯಷ್ಟೇ ನಂಬಿ.

## ಮೊಬೈಲ್

ತೋಟದ ಮನೇಲಿ ಸಿಗ್ನಲ್ಲೇ ಇಲ್ಲ. ದುಬಾರಿ ಫೋನ್ ತಗೊಂಡ್ರೆ ಬರುತ್ತಾ?

ಗುಡ್ಡ ಅಡ್ಡವಿದ್ದರೆ ಯಾವ ಫೋನೂ ಅದನ್ನು ಸರಿಸದು. ಮೊದಲು ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆಂಟರನ್ನು ಊಟಕ್ಕೆ ಕರೆದು, ಅವರ ಫೋನು ಅಂಗಳದಲ್ಲಿ, ಕಣದಲ್ಲಿ, ಮಲಗುವ ಕೋಣೆಯಲ್ಲಿ ಹೇಗೆ ಹಿಡಿಯುತ್ತದೆ ನೋಡಿ. ನಂತರವೇ ನಂಬರು ಪೋರ್ಟ್ ಮಾಡಿಸಿ. ಒಂದು ಕಂಪನಿಗೆ ಹೋದ ಮೇಲೆ 90 ದಿನ ಅಲ್ಲೇ ಇರಬೇಕಾಗುತ್ತದೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಕೆಲಸ ಸುಲಭ: ವೈಫೈ ಮೂಲಕ ಸಾಮಾನ್ಯ ಕರೆಯನ್ನೇ ಮಾಡುವ ಸೌಲಭ್ಯ ಇರುವ ಫೋನ್ ಆರಿಸಿ, ಸೆಟ್ಟಿಂಗ್‌ನಲ್ಲಿ ಅದನ್ನು ಚಾಲೂ ಮಾಡಿದರೆ ಟವರಿನ ಹಂಗಿಲ್ಲ. ಕರೆಂಟು ಹೋದಾಗ ಮೋಡೆಮ್ ಆರದಿರಲು ಅದಕ್ಕೊಂದು ಸಣ್ಣ ಯುಪಿಎಸ್ ಬೇಕು, ಅಷ್ಟೇ.

ವಾಟರ್‌ಪ್ರೂಫ್ ಅಂತ ಹೇಳಿ ಕೊಟ್ರು, ಮಳೇಲಿ ನೆಂದು ಕೆಟ್ರೆ ವಾರಂಟಿ ಇಲ್ಲ ಅಂತಾರೆ!

ಐಪಿ67 ಎಂದರೆ ಹೊಸ ಫೋನನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಇಟ್ಟಾಗ ಒಳಗೆ ಕೆಡುವಷ್ಟು ನೀರು ಇಳಿಯಲಿಲ್ಲ ಎಂದು ಅರ್ಥ. ನಾಲ್ಕು ಬಾರಿ ಕೆಳಗೆ ಬಿದ್ದು, ಒಮ್ಮೆ ಪರದೆ ಬದಲಾಯಿಸಿದ ಫೋನಿಗೆ ಆ ಮಾತು ಅನ್ವಯಿಸದು. ಬಹುತೇಕ ಕಂಪನಿಗಳು ನೀರಿನ ಹಾನಿಯನ್ನು ವಾರಂಟಿಯಿಂದ ಹೊರಗಿಟ್ಟಿರುತ್ತವೆ. ತೋಟಕ್ಕೆ ಹೋಗುವವರಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲವೇ ಸಾಕು.

ಸೆಕೆಂಡ್‌ಹ್ಯಾಂಡ್ ಫೋನ್ ತಗೋಬೋದಾ?

ಧಾರಾಳವಾಗಿ, ಆದರೆ ಎರಡು ಪರೀಕ್ಷೆ ಆದ ಮೇಲೆ. *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲಿ ಹಾಕಿದರೆ ಫೋನು ಕದ್ದದ್ದೆಂದು ಕಪ್ಪುಪಟ್ಟಿಗೆ ಸೇರಿದೆಯೇ ಎಂದು ತಿಳಿಯುತ್ತದೆ. ಎರಡನೆಯದು, ಆ ಮಾದರಿಗೆ ಕಂಪನಿಯ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂಬುದು. ಅಪ್‌ಡೇಟ್ ನಿಂತ ಫೋನಿನಲ್ಲಿ ಹಾಡು ಕೇಳಬಹುದು, ಬ್ಯಾಂಕ್ ವ್ಯವಹಾರ ಬೇಡ.

## ಕೈಕೊಟ್ಟಾಗ

ಅಂಗಡಿಯವ್ರು ಕಂಪನಿ ಕೇಳಿ ಅಂತಾರೆ, ಕಂಪನಿಯವ್ರು ಅಂಗಡಿ ಕೇಳಿ ಅಂತಾರೆ. ಎಲ್ಲಿಗೆ ಹೋಗ್ಬೇಕು?

ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಹಲವು ದೂರುಗಳು ಅಲ್ಲಿಂದ ಕಂಪನಿಗೆ ಹೋದ ಒಂದು ಪತ್ರದಲ್ಲೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದ ಮೇಲೆ ಆಗಿರುವ ದೊಡ್ಡ ಅನುಕೂಲವೆಂದರೆ, ವಸ್ತುವನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಆನ್‌ಲೈನ್‌ನಲ್ಲಿ ತರಿಸಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದೂರಿಗೆ ಕಾರಣವಾದ ಘಟನೆ ನಡೆದ ಎರಡು ವರ್ಷದೊಳಗೆ ಹೋಗಬೇಕು.

ಬಿಲ್ ಇಟ್ಕೊಂಡಿದ್ರೂ ಉಪಯೋಗಕ್ಕೆ ಬರ್ಲಿಲ್ಲ, ಯಾಕೆ?

ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿದ್ದೇನೆ. ವರ್ಷದ ಹಿಂದೆ ತಂದ ಮಿಕ್ಸಿಯ ಮೋಟಾರು ವಾರಂಟಿಯ ಅವಧಿಯಲ್ಲೇ ಸುಟ್ಟಿತು. ಬೀರುವಿನಿಂದ ಜೋಪಾನವಾಗಿ ಬಿಲ್ ತೆಗೆದು ಬಿಚ್ಚಿದರೆ ಬರೀ ಬಿಳಿ ಕಾಗದ. ಒಂದು ಮೂಲೆಯಲ್ಲಿ ಅಂಗಡಿಯ ಹೆಸರಿನ ಎರಡಕ್ಷರ ಮಾತ್ರ ತಿಳಿ ಕಂದು ಬಣ್ಣದಲ್ಲಿ ಉಳಿದಿತ್ತು. ಈಗಿನ ಬಿಲ್ ಯಂತ್ರಗಳು ಶಾಯಿಯಿಂದ ಅಚ್ಚು ಮಾಡುವುದಿಲ್ಲ. ಕಾವಿಗೆ ಕಪ್ಪಾಗುವ ಲೇಪನದ ಕಾಗದ ಬಳಸುತ್ತವೆ, ಬಿಸಿಲು, ತೇವ, ಪ್ಲಾಸ್ಟಿಕ್ ಕವರಿನ ಒಡನಾಟಕ್ಕೆ ಅಕ್ಷರ ಮಾಸುತ್ತದೆ. ಅಂಗಡಿಯಿಂದ ಹೊರಬರುವ ಮುನ್ನವೇ ಬಿಲ್ಲಿನ ಫೋಟೊ ತೆಗೆದು, ವಸ್ತುವಿನ ಸೀರಿಯಲ್ ಸಂಖ್ಯೆಯದೂ ಒಂದು ಫೋಟೊ ತೆಗೆದು, ಎರಡನ್ನೂ ಮನೆಯ ಇನ್ನೊಬ್ಬರ ಫೋನಿಗೆ ಕಳುಹಿಸಿಡಿ. ದುಬಾರಿ ವಸ್ತುವಾದರೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಮಾಡಿಸಿ ವಾರಂಟಿ ಕಾರ್ಡಿನ ಜೊತೆಗೆ ಪಿನ್ ಹೊಡೆದಿಡಿ.